ಒಂದೇ ಪಾಠ, ಎರಡು ಸಲ ಪರೀಕ್ಷೆ

ಮಾನ್ಯ ಸಂಪಾದಕರೇ,

ನನಗೆ ವರ್ಗವಾಯಿತೆಂದು ಬಿ.ಕಾಂ. ಓದುತ್ತಿದ್ದ ಮಗಳನ್ನು ಎರಡನೇ ವರ್ಷಕ್ಕೆ ಈ ಊರಿನ ಕಾಲೇಜಿಗೆ ಸೇರಿಸಿದೆ. ಎರಡೂ ಸರ್ಕಾರಿ ವಿಶ್ವವಿದ್ಯಾಲಯಗಳೇ. ನಡುವೆ ಬಸ್ಸಿನಲ್ಲಿ ಮೂರು ಗಂಟೆ ದಾರಿ, ಅಷ್ಟೇ.

ಅಲ್ಲಿ ಅವಳು ಸಂವಿಧಾನದ ಪೇಪರ್ ಪಾಸು ಮಾಡಿ ಬಂದಳು. ಇಲ್ಲಿ ಅದು ಈಗ ಶುರು. ಪರಿಸರ ಅಧ್ಯಯನ ಇಲ್ಲಿ ಮೊದಲ ವರ್ಷವೇ ಮುಗಿದಿದೆ. ಅದನ್ನು ಜೂನಿಯರ್‌ಗಳ ಜೊತೆ ಕೂತು ಬರೆಯಬೇಕಂತೆ. ಎರಡು ಸಿಲೆಬಸ್ ಪಕ್ಕಪಕ್ಕ ಇಟ್ಟು ಪೆನ್ಸಿಲ್ ಹಿಡಿದು ಕೂತೆ. ಪೀಠಿಕೆ, ಮೂಲಭೂತ ಹಕ್ಕು, ಕರ್ತವ್ಯ, ಎಲ್ಲಾ ಅದೇ! ಯೂನಿಟ್ ನಂಬರ್ ಮಾತ್ರ ಬೇರೆ. ದೇಶದ ಸಂವಿಧಾನ ಒಂದೇ ಅಲ್ವಾ?

ಪರಿಸರ ಪಾಠ ಕಾಲೇಜಿಗೆ ಬಂದಿದ್ದು ಸುಪ್ರೀಂ ಕೋರ್ಟ್ ಹೇಳಿದ ಮೇಲೆ, ಇಡೀ ದೇಶಕ್ಕೆ. 2021-22ರಲ್ಲಿ ರಾಜ್ಯಕ್ಕೆ ಎನ್ಇಪಿ, ಅಂದರೆ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿ ಬಂತು, 2024-25ಕ್ಕೆ ಮತ್ತೆ ಮೂರು ವರ್ಷದ ಪದವಿ. ಪದ್ಧತಿ ಬದಲಾಗಲಿ, ಬೇಡ ಅನ್ನುವುದಿಲ್ಲ. ಕಡ್ಡಾಯ ಪೇಪರ್‌ಗಳು ಯಾವ ವಿಶ್ವವಿದ್ಯಾಲಯದಲ್ಲಿ ಯಾವ ಸೆಮಿಸ್ಟರ್‌ಗೆ, ಎಷ್ಟು ಕ್ರೆಡಿಟ್, ಯಾವುದಕ್ಕೆ ಯಾವುದು ಸಮ ಎಂದು ಉನ್ನತ ಶಿಕ್ಷಣ ಇಲಾಖೆ ಒಂದೇ ಪಟ್ಟಿ ಹಾಕಲಿ.

ಇಲ್ಲಿನ ಕಾಲೇಜಿನ ಆಫೀಸಿನಲ್ಲಿ ‘ಹಳೇ ಕಾಲೇಜಿನಿಂದ ಸಿಲೆಬಸ್‌ಗೆ ಸೀಲು ಹಾಕಿಸಿಕೊಂಡು ಬನ್ನಿ’ ಅಂದಿದ್ದಾರೆ. ಸೋಮವಾರ ರಜೆ ಹಾಕಿದ್ದೇನೆ.

– ಒಬ್ಬ ತಂದೆ, ದಾವಣಗೆರೆ