ಕರೆ ಬೇಡ, ಎಸ್ಸೆಮ್ಮೆಸ್ ಕಳಿಸಿ

ಮಾನ್ಯರೇ,

ಒಡಿಶಾ, ಆಂಧ್ರದ ಕರಾವಳಿಗೆ ಚಂಡಮಾರುತ ಅಪ್ಪಳಿಸಿದಾಗ ಕೊಡಗಿನವರು ಅಲ್ಲಿನ ಗೆಳೆಯರಿಗೆ ಕರೆಯ ಮೇಲೆ ಕರೆ ಮಾಡುತ್ತಾರೆ. 2018ರ ಆಗಸ್ಟ್‌ನಲ್ಲಿ ಇಲ್ಲೇ ಗುಡ್ಡ ಕುಸಿದದ್ದನ್ನು ಕಂಡವರೂ ಹಾಗೆ ಮಾಡುವುದು ವಿಚಿತ್ರ. ಕರೆಂಟು ಹೋದರೆ ಟವರ್ ನಡೆಯುವುದು ಬ್ಯಾಟರಿ, ಡೀಸೆಲ್‌ನಿಂದ. ರಸ್ತೆಗೆ ಮರ ಬಿದ್ದರೆ ಡೀಸೆಲ್ಲೂ ಬಾರದು. ಉಳಿದ ಒಂದೆರಡು ಟವರಿಗೆ ಎಲ್ಲರೂ ಮುಗಿಬಿದ್ದರೆ ಯಾರಿಗೂ ಲೈನ್ ಸಿಗುವುದಿಲ್ಲ. ಎಸ್ಸೆಮ್ಮೆಸ್ ಹಾಗಲ್ಲ, ಫೋನ್ ಆಫ್ ಇದ್ದರೂ ಕಾದಿದ್ದು ಆಮೇಲೆ ತಲುಪುತ್ತದೆ. ‘ಕ್ಷೇಮವಿದ್ದರೆ 1, ಸಹಾಯ ಬೇಕಿದ್ದರೆ 2 ಒತ್ತಿ ಕಳಿಸು’ ಎಂದಷ್ಟೇ ಬರೆಯಿರಿ. ವಿಡಿಯೊ ಕೇಳಿದರೆ ಅವರ ಚಾರ್ಜ್ ಮುಗಿಯುತ್ತದೆ.

ದಿನ ಕಳೆದರೂ ಉತ್ತರವಿಲ್ಲವೇ? ಅವರ ಜಿಲ್ಲೆಯ ಎಸ್‌ಟಿಡಿ ಕೋಡ್ ಸೇರಿಸಿ ಜಿಲ್ಲಾ ವಿಪತ್ತು ಸಹಾಯವಾಣಿ 1077ಕ್ಕೆ ಕರೆ ಮಾಡಿ. ಬೀದಿ, ಹತ್ತಿರದ ಗುರುತು, ಮನೆಯಲ್ಲಿರುವವರ ಸಂಖ್ಯೆ ತಿಳಿಸಿ. ಕೋಡ್ ಮರೆತರೆ ಫೋನ್ ಎತ್ತುವವರು ಮಡಿಕೇರಿಯವರೇ ಆಗಿರಬಹುದು!

– ಓದುಗರು, ಮಡಿಕೇರಿ