ಬೇರಿಂಗ್ ಸದ್ದು, ನಿನ್ನ ತಲೆನೋವು

ಪುಟ್ಟಿ,

ನಿನ್ನೆ ಫೋನಿನಲ್ಲಿ ‘ಏನಿಲ್ಲಪ್ಪ, ಸುಮ್ನೆ ತಲೆನೋವು’ ಅಂದೆ. ಆಮೇಲೆ ಮೆಲ್ಲಗೆ ಬೇರಿಂಗ್ ವಿಷಯ ಬಂತು. ಎರಡನೇ ಲೈನಿನ ಮೋಟರ್ ಸದ್ದು ಬದಲಾಗಿದೆ, ಒಂದು ಗಂಟೆ ನಿಲ್ಲಿಸಿ ನೋಡೋಣ ಅಂತ ನೀನು ಕೇಳಿದ್ದೆ. ಮೊದಲು ಟಾರ್ಗೆಟ್ ಮುಗಿಯಲಿ ಅಂದರು ಮೇಲಿನವರು. ಮೂರನೇ ದಿನ ಬೇರಿಂಗ್ ತಿರುಗದೆ ಹಿಡಿದುಕೊಂಡಿತು. ಅದೂ ನಿನ್ನ ಶಿಫ್ಟಿನಲ್ಲೇ. ಮೀಟಿಂಗಿನಲ್ಲಿ ಉತ್ತರ ಕೊಡಬೇಕಾದವಳೂ ನೀನೇ.

‘ನನ್ನಲ್ಲೇ ಏನೋ ಕಮ್ಮಿ ಇರಬೇಕು’ ಅಂದೆಯಲ್ಲ, ಆಗ ನನಗೆ ಮಾತು ಹೊರಡಲಿಲ್ಲ. ಅದಕ್ಕೇ ಈ ಕಾಗದ.

ಕೆಲಸದ ಒತ್ತಡದ ಬಗ್ಗೆ ರಾಬರ್ಟ್ ಕರಾಸೆಕ್ ಅನ್ನುವವರು 1979ರಲ್ಲಿ ಒಂದು ವಿಚಾರ ಮುಂದಿಟ್ಟರು. ಬರೀ ಕೆಲಸ ಜಾಸ್ತಿಯಾದರೆ ಮನುಷ್ಯ ಅಷ್ಟು ಕುಗ್ಗುವುದಿಲ್ಲ. ಹೊರೆ ಜಾಸ್ತಿ, ತೀರ್ಮಾನ ಮಾತ್ರ ಬೇರೆಯವರ ಕೈಲಿ ಅಂತಾದಾಗ ಕುಗ್ಗುತ್ತಾನೆ. ನಿನ್ನ ಸೂಪರ್‌ವೈಸರ್ ಕುರ್ಚಿ ಹೆಚ್ಚಾಗಿ ಅಂಥದ್ದೇ. (ಕುರ್ಚಿ ಅಂತ ಹೆಸರಿಗೆ, ಕೂರಲು ಪುರುಸೊತ್ತು ಎಲ್ಲಿ!) ಮೇಲಿನವರಿಗೆ ಅಂಕಿ ಬೇಕು, ಕೆಳಗಿನವರಿಗೆ ರಜೆ, ಓವರ್‌ಟೈಮ್, ಸರಿಯಾದ ಟೂಲ್ ಬೇಕು. ಲೈನ್ ನಿಲ್ಲಿಸುವ ಅಧಿಕಾರವೇ ಇಲ್ಲದ ನೀನು ಯಾರಿಗೆ ಅಂತ ಏನು ಕೊಡುತ್ತೀಯ?

ಅದರ ಮೇಲೆ ನೀನು ಹೆಣ್ಣು. ರೋಸಬೆತ್ ಮಾಸ್ ಕ್ಯಾಂಟರ್ ಅನ್ನುವ ಸಮಾಜಶಾಸ್ತ್ರಜ್ಞೆ 1977ರಲ್ಲೇ ಬರೆದಿದ್ದಾರೆ: ಗುಂಪಿನಲ್ಲಿ ಒಬ್ಬಿಬ್ಬರೇ ಇದ್ದರೆ ಅವರನ್ನು ಅವರಾಗಿ ನೋಡುವುದಿಲ್ಲ. ಇಡೀ ಹೆಣ್ಣುಕುಲದ ಸ್ಯಾಂಪಲ್ ಪೀಸ್ ಹಾಗೆ ನೋಡುತ್ತಾರೆ. ಗಂಡಸು ಎಡವಿದರೆ ‘ಅವನು ಎಡವಿದ’. ನೀನು ಎಡವಿದರೆ ‘ಹೆಂಗಸರ ಕೈಲಿ ಎಲ್ಲಿ ಆಗುತ್ತೆ’.

ಇದನ್ನು ನಾನು ಓದಿ ತಿಳಿದದ್ದಕ್ಕಿಂತ ಮಾಡಿ ತಿಳಿದದ್ದು ಜಾಸ್ತಿ. ನಾನು ಫಿಟರ್ ಆಗಿದ್ದಾಗ ನಮ್ಮ ಸೆಕ್ಷನ್ನಿಗೆ ಒಬ್ಬ ಮೇಡಂ ಬಂದರು. ಅವರು ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಿದ್ದೆ. ಆಮೇಲೆ ಅವರ ಕೈಕೆಳಗಿನ ಹುಡುಗನ ಹತ್ತಿರ ಹೋಗಿ ‘ಹಂಗೇ ಮಾಡೋದೇನಪ್ಪಾ?’ ಅಂತ ಕೇಳುತ್ತಿದ್ದೆ. ಪ್ರತಿ ಸಲ, ಅವರ ಎದುರಿಗೇ. ಅವರೂ ಮನೆಗೆ ಹೋಗಿ ‘ಏನಿಲ್ಲ, ತಲೆನೋವು’ ಅಂದಿರಬಹುದು. ಇದನ್ನು ನಿನಗೆ ಯಾವತ್ತೂ ಹೇಳಿರಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್, ಅಂದರೆ ಕೆಲಸದಿಂದ ಪೂರ್ತಿ ಬಸವಳಿದು ಹೋಗುವುದರ ಬಗ್ಗೆ ಹೇಳಿದಾಗ ಅದನ್ನು ರೋಗ ಅನ್ನಲಿಲ್ಲ. ಕೆಲಸದ ಜಾಗದ ಒತ್ತಡವನ್ನು ಸರಿಪಡಿಸದೆ ಬಹಳ ದಿನ ಬಿಟ್ಟರೆ ಆಗುವ ಸ್ಥಿತಿ ಅಂದಿತು. ಹಾಗಾಗಿ ‘ಧ್ಯಾನ ಮಾಡು, ಎಲ್ಲ ಸರಿಹೋಗುತ್ತೆ’ ಅನ್ನುವವರನ್ನು ಕಂಡರೆ ನನಗೆ ಸಿಟ್ಟು. ಗ್ರೀಸ್ ಹಾಕದೆ, ಸದ್ದು ಮಾಡಬೇಡ ಅಂತ ಮೋಟರನ್ನು ಬೈದ ಹಾಗಾಯಿತು, ಅಲ್ವಾ?

ಇನ್ನು ಮೇಲೆ ಇಂಥದ್ದನ್ನು ಬಾಯಿಮಾತಿನಲ್ಲಿ ಕೇಳಬೇಡ. ಲಾಗ್‌ಬುಕ್ಕಿನಲ್ಲಿ ಸಮಯ ಹಾಕಿ ಬರೆ, ಬೇಡ ಅಂದವರ ಹೆಸರನ್ನೂ ಬರೆ. ಯಾರನ್ನೂ ಕೇಳದೆ ಎಷ್ಟು ಹೊತ್ತು ಲೈನ್ ನಿಲ್ಲಿಸಬಹುದು ಅನ್ನುವುದನ್ನು ಮ್ಯಾನೇಜರ್ ಕೈಲಿ ಬರೆಸಿಕೋ. ಕೊಡದಿದ್ದರೆ ಮತ್ತೆ ಕೇಳು.

ಅಮ್ಮನಿಗೆ ತಲೆನೋವು ಅಂತಲೇ ಹೇಳಿದ್ದೇನೆ. ಅವಳು ನಂಬಿಲ್ಲ.

ಹೊಸ ಬೇರಿಂಗ್ ಹಾಕಿದ ಮೇಲೆ ಸದ್ದು ಹೇಗಿದೆ? ಶಾಫ್ಟ್ ಅಲೈನ್‌ಮೆಂಟ್ ನೋಡಿದರಾ? ಬರೆ.

ನಿನ್ನ
ಅಪ್ಪ