ಎರಡು ವರ್ಷದ ಆ ಸಾಲು

ದಾವಣಗೆರೆ

ಚಿ. ಮೇಘನಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಬೆಂಗಳೂರಿನ ಪೀಣ್ಯದಲ್ಲಿ ನೋಡಿಟ್ಟಿರುವ ಶೆಡ್ಡು, ಬ್ಯಾಂಕ್ ಸಾಲ, ಪಂಪ್ ಬಿಡಿಭಾಗಗಳ ಲೆಕ್ಕ ಇವೆಲ್ಲ ನಿನಗೇ ಚೆನ್ನಾಗಿ ಗೊತ್ತು. ಕೊನೆಯ ಒಂದು ಸಾಲು ಮಾತ್ರ ನನ್ನ ನಿದ್ದೆ ಕೆಡಿಸಿತು. ‘ಕೆಲಸ ಬಿಟ್ಟ ಮೇಲೆ ಎರಡು ವರ್ಷ ಇದೇ ವ್ಯಾಪಾರ ಮಾಡುವುದಿಲ್ಲ ಎಂದು ಸಹಿ ಹಾಕಿದ್ದೇನೆ ದೊಡ್ಡಪ್ಪ, ಸುಮ್ಮನೆ ಕೂತುಬಿಡಲೇ?’

ಕೂರಬೇಡ ಮಗೂ. ನಾನು ಕೂತಿದ್ದೆ.

1986ರಲ್ಲಿ ಇಲ್ಲಿನ ಒಂದು ಮುದ್ರಣಾಲಯ ಬಿಡುವಾಗ, ಮೂರು ವರ್ಷ ಈ ಊರಿನಲ್ಲಿ ಪ್ರೆಸ್ ಹಾಕುವುದಿಲ್ಲ ಎಂದು ಛಾಪಾ ಕಾಗದದ ಮೇಲೆ ಬರೆದುಕೊಟ್ಟಿದ್ದೆ. ಹುಬ್ಬಳ್ಳಿಯಲ್ಲಿ ಹಳೆಯ ಟ್ರೆಡಲ್ ಮುದ್ರಣ ಯಂತ್ರಕ್ಕೆ ಕೊಟ್ಟಿದ್ದ ಮುಂಗಡವನ್ನೂ ಬಿಟ್ಟು ಬ್ಯಾಡಗಿಗೆ ಹೋದೆ. ಮೆಣಸಿನಕಾಯಿ ದಲಾಲರ ಅಂಗಡಿಯಲ್ಲಿ ಸೀನುತ್ತಾ ಲೆಕ್ಕ ಬರೆದೆ. ಅಂಚೆಯವನು ಬಾಗಿಲಿಗೆ ಬಂದರೆ ಕೋರ್ಟಿನ ಕಾಗದವೇ ಎಂದು ಎದೆ ನಡುಗುತ್ತಿತ್ತು. ಮರಳಿ ಬರುವಷ್ಟರಲ್ಲಿ ನನ್ನ ಕೈಯಲ್ಲೇ ಲಗ್ನಪತ್ರಿಕೆ ಮಾಡಿಸುತ್ತಿದ್ದ ಮನೆಗಳು ಬೇರೆ ಪ್ರೆಸ್ ಹಿಡಿದಿದ್ದವು. ಆಫ್‌ಸೆಟ್ ಮುದ್ರಣ ಬಂದು, ಅಚ್ಚಿನ ಮೊಳೆ ಜೋಡಿಸುವ ಕೈಗೆ ಬೆಲೆ ಇಳಿಯತೊಡಗಿತ್ತು. ನಿನ್ನ ದೊಡ್ಡಮ್ಮ ಆ ಮೂರು ವರ್ಷ ಒಂದು ದಿನವೂ ನನ್ನನ್ನು ಪ್ರಶ್ನಿಸಲಿಲ್ಲ. ಅದು ಈಗಲೂ ನನ್ನನ್ನು ಕೊರೆಯುತ್ತದೆ.

ಎಷ್ಟೋ ವರ್ಷಗಳ ನಂತರ, ಜಮೀನಿನ ಬೇರೊಂದು ವ್ಯಾಜ್ಯಕ್ಕೆ ಹೋದಾಗ ವಕೀಲರೊಬ್ಬರು ಹೇಳಿದರು: ಆ ಕಾಗದಕ್ಕೆ ಬಲವೇ ಇರಲಿಲ್ಲ. 1872ರ ಕರಾರು ಕಾಯ್ದೆಯ 27ನೇ ಕಲಂ ಪ್ರಕಾರ, ನ್ಯಾಯವಾದ ಕಸುಬು, ವ್ಯಾಪಾರ ಮಾಡದಂತೆ ಒಬ್ಬರನ್ನು ತಡೆಯುವ ಕರಾರು ಆ ಮಟ್ಟಿಗೆ ಶೂನ್ಯ. ತನ್ನ ವ್ಯಾಪಾರವನ್ನೇ ಹೆಸರು, ವರ್ಚಸ್ಸಿನ ಸಮೇತ ಮಾರಿದವನಿಗೆ ಮಾತ್ರ ಕಾಯ್ದೆಯಲ್ಲಿ ಬೇರೆ ಮಾತಿದೆ. ನಾನು ಏನನ್ನು ಮಾರಿದ್ದೆ? ನೀನು ಏನನ್ನು ಮಾರಿದ್ದೀಯೆ? ಕ್ರಿಕೆಟಿಗ ಜಹೀರ್ ಖಾನ್ ಮೇಲೆ ಅವರ ಜಾಹೀರಾತು ವ್ಯವಹಾರ ನೋಡುತ್ತಿದ್ದ ಹಳೆಯ ಏಜೆನ್ಸಿ ಹೂಡಿದ್ದ ಪ್ರಕರಣದಲ್ಲೂ ಸುಪ್ರೀಂ ಕೋರ್ಟ್ 2006ರಲ್ಲಿ, ಕರಾರು ಮುಗಿದ ಮೇಲೆ ಇಂಥ ತಡೆ ನಿಲ್ಲುವುದಿಲ್ಲ ಎಂದಿತು. ನಿನ್ನ ಎರಡು ವರ್ಷದ ಸಾಲು ಅದೇ ಜಾತಿಯದು ಎಂದು ನನಗೆ ತೋರುತ್ತದೆ.

ಹಾಗೆಂದು ಅವರು ನೋಟಿಸ್ ಕಳಿಸುವುದಿಲ್ಲ ಎಂದು ನಾನು ಹೇಳಲಾರೆ. ಕಳಿಸಬಹುದು, ದಾವೆಯನ್ನೂ ಹೂಡಬಹುದು. ನಿನ್ನ ಭಯ ಸುಳ್ಳಲ್ಲ. ಆದರೆ ಅದು ಎಲ್ಲಿರಬೇಕೋ ಅಲ್ಲಿರಲಿ.

ಇದನ್ನು ಹೇಳಲು ಸಂಕೋಚವಾಗುತ್ತದೆ. ಪ್ರೆಸ್ ಬಿಡುವ ಹಿಂದಿನ ರಾತ್ರಿ, ಮಾಲೀಕರ ಖಾತೆ ಪುಸ್ತಕದಿಂದ ಗಿರಾಕಿಗಳ ವಿಳಾಸ, ಬಾಕಿ, ದರ ಎಲ್ಲವನ್ನೂ ಒಂದು ನೋಟುಬುಕ್ಕಿಗೆ ಇಳಿಸಿಕೊಂಡಿದ್ದೆ. ಅದಕ್ಕೆ ನಾನು ಹೆದರಲೇ ಇಲ್ಲ. ಹೆದರಬೇಕಿದ್ದದ್ದು ಅದಕ್ಕೆ. ನೀನು ಒಂದು ನಕ್ಷೆಯನ್ನೂ ಒಂದು ಬೆಲೆಪಟ್ಟಿಯನ್ನೂ ಪೆನ್‌ಡ್ರೈವಿಗೆ ಹಾಕಿಕೊಳ್ಳಬೇಡ, ನಿನ್ನ ಮೊಬೈಲಿಗೂ ಕಳಿಸಿಕೊಳ್ಳಬೇಡ. ಗುಟ್ಟು ಕಾಯುವ ಷರತ್ತು ಕೆಲಸ ಬಿಟ್ಟ ಮೇಲೂ ಉಳಿಯುತ್ತದೆ. ನಿನ್ನ ಕೈಯಲ್ಲಿ ಕೂತಿರುವ ಕಸುಬು ನಿನ್ನದು, ಅವರ ಕಡತ ಅವರದು.

ಇನ್ನೊಂದು, ಹೇಳಬಹುದೋ ಬಾರದೋ. ಸಂಬಳ ಪಡೆಯುತ್ತಿರುವ ದಿನಗಳಲ್ಲಿ ನಿನ್ನ ಗಿರಾಕಿಗಳನ್ನು ಹುಡುಕಬೇಡ. ಕೆಲಸದ ಅವಧಿಯೊಳಗೆ ಬೇರೆಡೆ ದುಡಿಯಬಾರದೆಂಬ ಕಟ್ಟುಪಾಡನ್ನು ಸುಪ್ರೀಂ ಕೋರ್ಟ್ 1967ರಲ್ಲೇ ಎತ್ತಿಹಿಡಿದಿದೆ. ನೋಟಿಸ್ ಅವಧಿಯನ್ನು ಪೂರ್ತಿ ಮುಗಿಸು. ಲ್ಯಾಪ್‌ಟಾಪ್ ಒಪ್ಪಿಸಿದ್ದಕ್ಕೆ ರಸೀದಿ ತೆಗೆದುಕೋ. ತರಬೇತಿ ಬಾಂಡ್ ಏನಾದರೂ ಇದೆಯೇ ನೋಡು, ಅದು ಬೇರೆಯೇ ವಿಚಾರ. ನಮ್ಮ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನ ಪ್ರಕರಣದಲ್ಲಿ, ಮೂರು ವರ್ಷ ತುಂಬುವ ಮೊದಲೇ ಬಿಟ್ಟರೆ 2 ಲಕ್ಷ ರೂಪಾಯಿ ಕೊಡಬೇಕೆಂಬ ಷರತ್ತನ್ನು 2025ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತು. ನಾನು ವಕೀಲನಲ್ಲ ಮಗೂ. ಶೆಡ್ಡಿಗೆ ಮುಂಗಡ ಕೊಡುವ ಮೊದಲು ಬೆಂಗಳೂರಿನಲ್ಲಿ ಯಾರಾದರೂ ತಿಳಿದವರಿಗೆ ನೇಮಕಾತಿ ಪತ್ರವನ್ನು ಒಮ್ಮೆ ತೋರಿಸು.

ಆ ಎರಡು ವರ್ಷದ ಸಾಲನ್ನು ರಾತ್ರಿ ಒಬ್ಬಳೇ ಓದುತ್ತಾ ಕೂರಬೇಡ. ನೋಟಿಸ್ ಬಂದರೆ ಎಷ್ಟು ಹೊತ್ತಾಗಿದ್ದರೂ ಫೋನ್ ಮಾಡು. ಬೆಳಗಿನ ರೈಲಿಗೇ ಹೊರಟು ಬರುತ್ತೇನೆ.

ಇಂತಿ ನಿನ್ನ
ದೊಡ್ಡಪ್ಪ